ನಾನು ತಪ್ಪಿಸಿದ ಸರದಿ

ಇದು ನಡೆದದ್ದು 2001ರ ಫೆಬ್ರವರಿಯಲ್ಲಿ. ನಾವು ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ಗೆ ಬಂದು ಆಗ ಎರಡು ವರ್ಷವಾಗಿತ್ತು. ನನ್ನ ಗಂಡ ಇಮ್ತಿಯಾಜ್‌ಗೆ ಕೊಲ್ಲಿಯ ಆಚೆ ಪಾಲೋ ಆಲ್ಟೋದ ಒಂದು ಕಂಪ್ಯೂಟರ್ ಕಂಪನಿಯಲ್ಲಿ ಕೆಲಸ. ನನ್ನದು ಗಂಡನ ಬೆನ್ನಿಗೆ ಅಂಟಿಕೊಂಡ ವೀಸಾ. ಅದರಲ್ಲಿ ಇರಬಹುದು, ಓಡಾಡಬಹುದು, ಸಂಬಳಕ್ಕೆ ದುಡಿಯುವ ಹಾಗಿಲ್ಲ. ಮೈಸೂರಿನಲ್ಲಿ ಒಂಬತ್ತು ವರ್ಷ ಹೈಸ್ಕೂಲ್ ಮಕ್ಕಳಿಗೆ ಸಮಾಜ ವಿಜ್ಞಾನ ಹೇಳಿಕೊಟ್ಟವಳು ನಾನು. ಇಲ್ಲಿ ಬೆಳಗಿನ ಪಾತ್ರೆ ತೊಳೆದಿಟ್ಟ ಮೇಲೆ ಸಂಜೆಯವರೆಗೆ ಮಾಡಲು ಏನೂ ಇರುತ್ತಿರಲಿಲ್ಲ.

ನಮ್ಮ ಅಪಾರ್ಟ್‌ಮೆಂಟಿನ ಕೆಳಗಿನ ಮನೆಯಲ್ಲಿ ರೂತ್ ಎಂಬ ನಿವೃತ್ತ ನರ್ಸ್ ಇದ್ದರು. ಎಪ್ಪತ್ತು ದಾಟಿದ ಅಮೆರಿಕನ್ ಹೆಂಗಸು. ದಿನಗೂಲಿಯವರು ಒಂದು ಹಾರ್ಡ್‌ವೇರ್ ಅಂಗಡಿಯ ಮುಂದೆ ಕೆಲಸಕ್ಕಾಗಿ ನಿಲ್ಲುತ್ತಿದ್ದರಂತೆ. ಸುತ್ತಲಿನವರು ತಕರಾರು ಮಾಡಿದಾಗ ಈಕೆ ಒಂದು ಚರ್ಚಿನ ಹಿಂದಿನ ಹಾಲ್ ಕೇಳಿ ಪಡೆದು ಅವರನ್ನು ಅಲ್ಲಿ ಕೂರಿಸಿದ್ದರು. ಆಳು ಬೇಕಾದವರು ಹಾಲ್‌ಗೆ ಫೋನ್ ಮಾಡುತ್ತಿದ್ದರು. "ನಿನಗೆ ಇಂಗ್ಲಿಷ್ ಚೆನ್ನಾಗಿ ಬರುತ್ತೆ, ಸಮಯವೂ ಇದೆ. ಸಂಬಳ ಕೊಡಲ್ಲ, ಫೋನ್ ಎತ್ತುತ್ತೀಯಾ?" ಎಂದರು. ನಾನು ಮಾರನೇ ದಿನದಿಂದಲೇ ಹೋಗತೊಡಗಿದೆ.

ಹಾಲ್‌ನ ನಿಯಮ ಒಂದೇ. ಬೆಳಗ್ಗೆ ಆರೂವರೆಗೆ ಬಂದವರೆಲ್ಲ ಚೀಟಿ ಎತ್ತಬೇಕು. ಬಂದ ಸಂಖ್ಯೆಯ ಪ್ರಕಾರ ಕಪ್ಪು ಹಲಗೆಯ ಮೇಲೆ ಹೆಸರು. ಫೋನ್ ಬಂದರೆ ಮೇಲಿನ ಹೆಸರಿನವನು ಹೋಗಬೇಕು. ಯಾರು ಯಾವ ದೇಶದವನು, ಯಾರ ಹತ್ತಿರ ಯಾವ ಕಾಗದ ಇದೆ ಎಂದು ನಾವು ಕೇಳುತ್ತಿರಲಿಲ್ಲ.

ನಮ್ಮ ಕನ್ನಡದವರಿಗೆ ಇದು ಹಿಡಿಸಲಿಲ್ಲ. ಗ್ರೋಸರಿ ಅಂಗಡಿಯಲ್ಲಿ ಸಿಕ್ಕ ಮಂಡ್ಯದ ಸಾವಿತ್ರಿ ಕೇಳಿಯೇಬಿಟ್ಟರು: "ಏನ್ ನಸ್ರೀನ್, ಆ ಕೂಲಿಯವ್ರ ಜೊತೆ ಹೋಗಿ ಕೂತ್ಕೋತೀರಂತೆ? ನಾವು ಪೇಪರ್ಸು ಎಲ್ಲಾ ನೆಟ್ಟಗಿಟ್ಕೊಂಡು ಬಂದೋರು ಕಣ್ರೀ. ಈಗ ಮೊದ್ಲೇ ಆಫೀಸುಗಳಲ್ಲಿ ಜನರನ್ನ ತೆಗೀತಿದಾರೆ. ಇಲ್ಲಿಯವ್ರು ಅವ್ರನ್ನೂ ನಮ್ಮನ್ನೂ ಒಂದೇ ಅಂದ್ಕೊಂಡ್ರೆ ಏನ್ ಗತಿ?" ನಾನು ಏನೋ ಹಾರಿಕೆಯ ಉತ್ತರ ಕೊಟ್ಟು, ಕೊತ್ತಂಬರಿ ಕಟ್ಟು ಆರಿಸಿಕೊಂಡು ಬಂದೆ.

ಹಾಲ್‌ಗೆ ಬರುತ್ತಿದ್ದವರಲ್ಲಿ ಹೆಚ್ಚಿನವರು ಮೆಕ್ಸಿಕೋ, ಗ್ವಾಟೆಮಾಲಾ ಕಡೆಯವರು. ಅವರ ನಡುವೆ ಒಬ್ಬನೇ ಒಬ್ಬ ಪೋಲೆಂಡಿನವನು. ಹೆಸರು ಸ್ಟಾನಿಸ್ಲಾವ್, ಎಲ್ಲರ ಬಾಯಲ್ಲಿ ಸ್ಟಾನ್. ಐವತ್ತೆರಡು ವರ್ಷ. ಸಮುದ್ರದ ದಂಡೆಯ ಊರಿನಲ್ಲಿ ಹಡಗು ಕಟ್ಟುವ ಯಾರ್ಡಿನಲ್ಲಿ ಇಪ್ಪತ್ತು ವರ್ಷ ವೆಲ್ಡರ್ ಆಗಿದ್ದನಂತೆ. ಅಲ್ಲಿ ಕೆಲಸ ಹೋಯಿತು. ಮೊದಲು ಜರ್ಮನಿಗೆ, ಆಮೇಲೆ ಇಲ್ಲಿಗೆ ಬಂದ. ಹೆಂಡತಿ ಊರಲ್ಲೇ. ನಾಲ್ಕು ವರ್ಷದಿಂದ ಅವಳ ಮುಖ ನೋಡಿರಲಿಲ್ಲ. ಅವನ ಊರಿನ ಸರ್ಟಿಫಿಕೇಟು ಇಲ್ಲಿ ನಡೆಯುತ್ತಿರಲಿಲ್ಲ, ಇಲ್ಲಿಯ ಪರೀಕ್ಷೆಗೆ ಎರಡು ಸಲ ಕೂತಿದ್ದ. "ಕೈ ಪಾಸು, ಇಂಗ್ಲಿಷ್ ಫೇಲು" ಎನ್ನುತ್ತಿದ್ದ. ಒಮ್ಮೆ ಹೇಳಿದ: "ಇಲ್ಲಿ ಎಲ್ಲರೂ ಕಣ್ಣಿಗೆ ಕಾಣದ ವಸ್ತು ಮಾಡುತ್ತಾರೆ. ನನಗೆ ಕಬ್ಬಿಣ ಮಾತ್ರ ಗೊತ್ತು."

ಫೋನಿನಲ್ಲಿ ಜನ ಎಷ್ಟು ಬಿಚ್ಚುಮನಸ್ಸಿನಿಂದ ಮಾತಾಡುತ್ತಾರೆಂದು ನನಗೆ ಗೊತ್ತಾದದ್ದು ಅಲ್ಲೇ. ಆಚೆ ತುದಿಯವರಿಗೆ ನನ್ನ ಮುಖ ಕಾಣುತ್ತಿರಲಿಲ್ಲ, ತಲೆಯ ಮೇಲಿನ ಸ್ಕಾರ್ಫೂ ಕಾಣುತ್ತಿರಲಿಲ್ಲ. "ಸ್ವಲ್ಪ ನಮ್ಮಂಥವನನ್ನು ಕಳಿಸಿ" ಎನ್ನುವವರು, "ಆ ಪೋಲೆಂಡಿನವನೇ ಬೇಕು" ಎಂದು ಹಠ ಹಿಡಿಯುವವರು. ಒಬ್ಬಾತ ಬೇಲಿಗೆ ಬಣ್ಣ ಹೊಡೆಯಲು ಆಳು ಕೇಳುತ್ತಾ, ಕಂಪ್ಯೂಟರ್ ಕೆಲಸಗಳನ್ನೆಲ್ಲ ಇಂಡಿಯಾದವರು ಬಂದು ಕಿತ್ತುಕೊಂಡರೆಂದು ನನ್ನ ಹತ್ತಿರವೇ ಐದು ನಿಮಿಷ ದೂರಿದ. ಹಾಲ್‌ನಲ್ಲಿ ಸರದಿಯ ನಿಯಮ ಇದೆ ಎಂದು ನಾನು ಹೇಳುತ್ತಿದ್ದೆ. ಕೆಲವರು ಒಪ್ಪುತ್ತಿದ್ದರು, ಕೆಲವರು ಫೋನ್ ಇಟ್ಟುಬಿಡುತ್ತಿದ್ದರು.

ಕೆಲಸ ಧಾರಾಳವಾಗಿದ್ದಾಗ ಅದರಿಂದ ಯಾರಿಗೂ ನಷ್ಟವಿರಲಿಲ್ಲ. ಆದರೆ ಆ ಚಳಿಗಾಲದಲ್ಲಿ ಕಂಪ್ಯೂಟರ್ ಕಂಪನಿಗಳು ಒಂದೊಂದಾಗಿ ಬಾಗಿಲು ಹಾಕತೊಡಗಿದವು. ಅಡುಗೆಮನೆ ಒಡೆದು ಹೊಸದಾಗಿ ಕಟ್ಟಿಸಲು ಹೊರಟಿದ್ದವರು ಸುಮ್ಮನಾದರು. ದಿನಕ್ಕೆ ಇಪ್ಪತ್ತು ಸಲ ಬಡಿದುಕೊಳ್ಳುತ್ತಿದ್ದ ಫೋನು ಕೆಲವು ದಿನ ಎರಡೇ ಸಲ ಬಡಿದುಕೊಂಡಿತು. ಮೂವತ್ತು ಜನ ಗೋಡೆಗೆ ಒರಗಿ ಅದನ್ನೇ ನೋಡುತ್ತಿದ್ದರು.

ಅಂಥ ಒಂದು ಬೆಳಗ್ಗೆ ರೂತ್ ಕಣ್ಣಿನ ಡಾಕ್ಟರ ಹತ್ತಿರ ಹೋಗಿದ್ದರು. ನಾನೊಬ್ಬಳೇ ಇದ್ದೆ. ಹಲಗೆಯಲ್ಲಿ ಮೊದಲ ಹೆಸರು ಎಫ್ರೈನ್. ಗ್ವಾಟೆಮಾಲಾದವನು, ಮೂವತ್ತರ ಆಸುಪಾಸು, ಮಾತು ಕಡಿಮೆ. ಅವನಿಗೆ ಕೆಲಸ ಸಿಕ್ಕು ಹನ್ನೊಂದು ದಿನವಾಗಿತ್ತು. ಸ್ಟಾನ್ ನಾಲ್ಕನೆಯವನು.

ಎಂಟು ಗಂಟೆಗೆ ಗುಡ್ಡದ ಕಡೆಯಿಂದ ಒಬ್ಬ ಹೆಂಗಸು ಫೋನ್ ಮಾಡಿದಳು. ತೋಟದ ಮೆಟ್ಟಿಲು, ಬೇಲಿ, ಬಣ್ಣ, ಎಲ್ಲ ಸೇರಿ ಮೂರು ವಾರದ ಕೆಲಸ. ಬಹಳ ಮರ್ಯಾದಸ್ಥ ದನಿ. "ನಿಮ್ಮಲ್ಲಿ ಯೂರೋಪಿನವನೊಬ್ಬ ಇದ್ದಾನಂತಲ್ಲ, ಅವನನ್ನೇ ಕಳಿಸಿ. ಮನೆಯಲ್ಲಿ ಅಮ್ಮ ಒಬ್ಬರೇ ಇರುತ್ತಾರೆ. ಬೇರೆಯವರನ್ನು ಕಂಡರೆ ಹೆದರುತ್ತಾರೆ. ನಿಮಗೆ ಅರ್ಥವಾಗುತ್ತದೆ ಎಂದುಕೊಂಡಿದ್ದೇನೆ" ಎಂದಳು.

ನಿಯಮ ಹೇಳಲು ಬಾಯಿ ತೆರೆದೆ. ಹೇಳಿದರೆ ಫೋನ್ ಇಡುತ್ತಾಳೆ, ಮೂರು ವಾರದ ಕೆಲಸ ಯಾರಿಗೂ ಸಿಗುವುದಿಲ್ಲ. ಒಬ್ಬನಿಗಾದರೂ ಸಿಗಲಿ ಎಂದುಕೊಂಡೆ. "ಆಗಲಿ, ಕಳಿಸುತ್ತೇನೆ" ಎಂದೆ.

ಫೋನಿಟ್ಟು ತಿರುಗಿದರೆ ಮೂವತ್ತು ಮುಖಗಳು ನನ್ನನ್ನೇ ನೋಡುತ್ತಿದ್ದವು. ಎಫ್ರೈನ್ ಆಗಲೇ ಎದ್ದು ನಿಂತಿದ್ದ. ನಾನು ಹೇಳಿದೆ: "ವೆಲ್ಡಿಂಗ್ ಬರುವವರು ಬೇಕಂತೆ. ಸ್ಟಾನ್ ಹೋಗಬೇಕು."

ಯಾರೂ ಗೊಣಗಲಿಲ್ಲ. ಎಫ್ರೈನ್ ಒಂದು ಕ್ಷಣ ನಿಂತಿದ್ದು, ಆಮೇಲೆ ಬೆಂಚಿನ ಕೆಳಗಿದ್ದ ಸ್ಟಾನ್‌ನ ಚೀಲ ಎತ್ತಿ ಅವನ ಕೈಗೆ ಕೊಟ್ಟು ಬೆನ್ನು ತಟ್ಟಿದ. ಸ್ಟಾನ್‌ನ ಮುಖದಲ್ಲಿ ನಾನು ಅಂಥ ನಗುವನ್ನು ಅದುವರೆಗೆ ಕಂಡಿರಲಿಲ್ಲ. ವೆಲ್ಡಿಂಗ್ ಎಂಬ ಮಾತು ಕೇಳಿ ಎಷ್ಟು ವರ್ಷವಾಗಿತ್ತೋ. ಆ ಹೆಂಗಸಿನ ಕಾರು ಬಂತು, ಅವನು ಹತ್ತಿಕೊಂಡು ಹೋದ.

ಹನ್ನೊಂದೂಕಾಲಕ್ಕೆ ಅವನು ವಾಪಸು ಬಂದ. ಗುಡ್ಡದಿಂದ ನಡೆದೇ ಬಂದಿದ್ದ. ಬೂಟಿನ ತುಂಬ ಕೆಸರು. ಸೀದಾ ನನ್ನ ಮೇಜಿನ ಹತ್ತಿರ ಬಂದು ನಿಂತ.

"ಮೇಡಂ, ಅಲ್ಲಿ ವೆಲ್ಡಿಂಗ್ ಇಲ್ಲ."

ನಾನು ಕುರ್ಚಿ ತೋರಿಸಿದೆ, ಅವನು ಕೂರಲಿಲ್ಲ.

"ಆಯಮ್ಮ ಕಾಫಿ ಕೊಟ್ಟಳು. ಕೂರಿಸಿದಳು. ಹೇಳಿದಳು, ನೀನೇ ಬೇಕು ಅಂತ ಕೇಳಿದೆ, ಆ ಕಪ್ಪು ಜನ ಬೇಡ ಅಂದೆ, ನೀನು ನಮ್ಮ ಥರ. ನಾನು ಹೇಳಿದೆ, ಮೊದಲ ಹೆಸರು ಎಫ್ರೈನ್, ಒಳ್ಳೆಯವನು, ಅವನನ್ನು ಕರೆಯಿರಿ. ಬೇಡ ಅಂದಳು. ನಾನು ಬಂದೆ."

ನನಗೆ ನಾಚಿಕೆಗಿಂತ ಮೊದಲು ಸಿಟ್ಟು ಬಂತು. "ಬಂದು ಏನು ಸಿಕ್ಕಿತು ಸ್ಟಾನ್? ಎಫ್ರೈನ್‌ಗೂ ಕೆಲಸ ಇಲ್ಲ, ನಿನಗೂ ಇಲ್ಲ!" ಎಂದೆ.

"ಹೌದು. ಯಾರಿಗೂ ಇಲ್ಲ" ಎಂದು ಅವನು ಕುರ್ಚಿ ಎಳೆದುಕೊಂಡು ಕೂತ. ಕೈಗಳನ್ನು ನೋಡಿಕೊಳ್ಳುತ್ತಾ ಹೇಳಿದ: "ಬರ್ಲಿನ್‌ನಲ್ಲಿ ನಾವು ರಸ್ತೆ ಬದಿ ನಿಲ್ಲುತ್ತಿದ್ದೆವು. ಮೇಸ್ತ್ರಿ ಬರುತ್ತಿದ್ದ. ಪೋಲೆಂಡಿನವರು ಪಕ್ಕಕ್ಕೆ, ಕಳ್ಳರು ನೀವು, ಅನ್ನುತ್ತಿದ್ದ. ನನ್ನ ಎದುರಿಗೇ ಬೇರೆಯವರನ್ನು ಕರೆದುಕೊಂಡು ಹೋಗುತ್ತಿದ್ದ. ಅಲ್ಲಿ ಈ ಮುಖ ಕೆಟ್ಟದ್ದು, ಇಲ್ಲಿ ಇದೇ ಮುಖ ಒಳ್ಳೆಯದು. ಮುಖ ಬದಲಾಗಿಲ್ಲ ಮೇಡಂ."

ಆಮೇಲೆ ದನಿ ತಗ್ಗಿಸಿ, "ಎಫ್ರೈನ್‌ಗೆ ನೀವೇ ಹೇಳಿ. ನಾನು ಹೇಳಲ್ಲ" ಎಂದ.

ಒಂಬತ್ತು ವರ್ಷ ಮಕ್ಕಳ ಮುಂದೆ ನಿಂತು ಸಮಾನತೆಯ ಪಾಠ ಮಾಡಿದವಳಿಗೆ ಆ ಹಾಲ್‌ನ ನಡುವೆ ಬಂದು ನಿಲ್ಲುವುದೇ ಕಷ್ಟವಾಯಿತು. ಇಂಗ್ಲಿಷಿನಲ್ಲಿ, ಗೊತ್ತಿದ್ದ ನಾಲ್ಕು ಸ್ಪ್ಯಾನಿಷ್ ಮಾತು ಸೇರಿಸಿ ಹೇಳಿದೆ: "ಬೆಳಗ್ಗೆ ನಾನು ಸುಳ್ಳು ಹೇಳಿದೆ. ಅವರು ವೆಲ್ಡರ್ ಕೇಳಿರಲಿಲ್ಲ. ನಿಮ್ಮಂಥವರು ಬೇಡ ಅಂದಿದ್ದರು. ನಾನು ಒಪ್ಪಿಕೊಂಡೆ. ಎಫ್ರೈನ್, ಅದು ನಿನ್ನ ಸರದಿಯಾಗಿತ್ತು."

ಎಫ್ರೈನ್ ಕೂತಲ್ಲಿಂದ ಏಳಲಿಲ್ಲ.

"ಗೊತ್ತಿತ್ತು" ಎಂದ. "ಅಂಥ ಫೋನ್ ಬಂದಾಗ ನಿಮ್ಮ ದನಿ ಬೇರೆ ಆಗುತ್ತೆ."

ನಾನು ಕ್ಷಮೆ ಕೇಳಲು ಹೊರಟೆ. ಅವನು ಕೈಯೆತ್ತಿ ತಡೆದ. "ನನ್ನನ್ನು ಒಂದು ಮಾತು ಕೇಳಬಹುದಿತ್ತು. ಕೇಳಿದ್ದರೆ, ಸ್ಟಾನ್ ಹೋಗಲಿ, ಅವನಿಗೆ ವಯಸ್ಸಾಗಿದೆ ಅಂತ ನಾನೇ ಹೇಳುತ್ತಿದ್ದೆ. ಕೊಡುವ ಅವಕಾಶವನ್ನೂ ನೀವು ನನಗೆ ಬಿಡಲಿಲ್ಲ."

ಆಮೇಲೆ ಸ್ಟಾನ್ ಕಡೆ ತಿರುಗಿದಾಗ ಅವನ ದನಿ ಗಡುಸಾಯಿತು. "ನೀನು ಯಾಕೆ ಬಂದೆ? ಮೂರು ವಾರ! ನನ್ನ ಹೆಸರಲ್ಲಿ ಬಿಟ್ಟು ಬರೋಕೆ ನಾನು ಕೇಳಿದ್ನಾ?"

"ನಿನ್ನ ಹೆಸರಲ್ಲಿ ಅಲ್ಲ. ನನ್ನ ಹೆಸರಲ್ಲಿ" ಎಂದ ಸ್ಟಾನ್.

ಕೊನೆಗೆ ಎಫ್ರೈನ್ ಬೆಂಚಿನಲ್ಲಿ ಪಕ್ಕಕ್ಕೆ ಸರಿದು ಜಾಗ ಮಾಡಿದ. ಸ್ಟಾನ್ ಎದ್ದು ಹೋಗಿ ಅಲ್ಲಿ ಕೂತ.

ಮಧ್ಯಾಹ್ನ ಒಂದು ಫೋನ್ ಬಂತು. ಮನೆ ಬದಲಿಸುವವರಿಗೆ ಸಾಮಾನು ಎತ್ತಲು ಒಬ್ಬ ಆಳು, ಒಂದೇ ದಿನಕ್ಕೆ. ಆ ಮನುಷ್ಯ ಬೇರೇನೂ ಕೇಳಲಿಲ್ಲ. ಎಫ್ರೈನ್ ಹೋದ, ನನ್ನ ಕಡೆ ನೋಡದೆ.

ಸಂಜೆ ಇಮ್ತಿಯಾಜ್ ಬಾಗಿಲಲ್ಲೇ ಕೇಳಿದರು. ಅವರು ಹುಬ್ಬಳ್ಳಿಯವರು. "ಯಾಕ, ಏನಾತು? ಮಾರಿ ಯಾಕ ಹಿಂಗ ಆಗೇತಿ?" ಎಲ್ಲ ಹೇಳಿದೆ. ಅವರು ಬೂಟು ಬಿಚ್ಚುವುದನ್ನು ನಿಲ್ಲಿಸಿ ಕೇಳಿಸಿಕೊಂಡರು. "ಎಲ್ಲಾರ ಮುಂದ ಹೇಳಿದ್ದು ಛಲೋ ಆತು. ಆದ್ರ ಆ ಹೆಣ್ಮಗಳಿಗೆ ಫೋನಿನ್ಯಾಗ ಹೇಳಿದ್ರ ಇನ್ನೂ ಛಲೋ ಇತ್ತು ನೋಡು" ಎಂದರು. ಅವರ ಆಫೀಸಿನಲ್ಲಿ ಅವತ್ತೇ ಆರು ಜನರನ್ನು ಮನೆಗೆ ಕಳಿಸಿದ್ದರೆಂದು ನನಗೆ ಗೊತ್ತಾದದ್ದು ಊಟದ ಹೊತ್ತಿಗೆ.

ರೂತ್‌ಗೂ ಹೇಳಿದೆ. ಇನ್ನು ಬರಬೇಡ ಎನ್ನುತ್ತಾರೆಂದುಕೊಂಡಿದ್ದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡು, "ನಾಳೆ ಆರೂವರೆಗೇ ಬಾ" ಎಂದರು, ಅಷ್ಟೇ. ಆಮೇಲೆ ಅಂಥ ಫೋನ್ ಬಂದಾಗಲೆಲ್ಲ ನಾನು ನಿಯಮ ಹೇಳಿದೆ. ಕೆಲವು ಕೆಲಸಗಳು ಕೈತಪ್ಪಿದವು. ತಪ್ಪಿದ್ದನ್ನು ಹಾಲ್‌ನಲ್ಲಿ ಎದ್ದು ನಿಂತು ಹೇಳುತ್ತಿದ್ದೆ, ಏನಾಯಿತೆಂದು ಅವರಿಗೂ ಗೊತ್ತಿರಲಿ ಎಂದು.

ಏಪ್ರಿಲ್‌ನಲ್ಲಿ ಸ್ಟಾನ್ ಶಿಕಾಗೋಗೆ ಹೊರಟ. ಅಲ್ಲಿ ಅವನ ಭಾಷೆಯವರು ಬಹಳ ಜನ ಇದ್ದಾರಂತೆ, ಒಂದು ವರ್ಕ್‌ಷಾಪಿನಲ್ಲಿ ಪೋಲೆಂಡಿನ ಮೇಸ್ತ್ರಿಯೊಬ್ಬ ಅವನ ಕೈಕೆಲಸ ನೋಡಲು ಒಪ್ಪಿದ್ದನಂತೆ. ಬಸ್ ಹತ್ತಿಸಲು ಎಫ್ರೈನ್ ಹೋಗಿದ್ದ. ಕೆಲಸ ಸಿಕ್ಕಿತೋ, ಹೆಂಡತಿ ಬಂದಳೋ, ನನಗೆ ತಿಳಿಯಲಿಲ್ಲ. ಎಫ್ರೈನ್ ಎಷ್ಟೋ ದಿನದ ಮೇಲೆ ನನ್ನೊಂದಿಗೆ ಮೊದಲಿನಂತೆ ಮಾತಾಡಿದ. ಮೊದಲೆಲ್ಲ ಟೀಚರ್ ಎನ್ನುತ್ತಿದ್ದವನು ಆಮೇಲೆ ಹಾಗೆ ಕರೆಯಲಿಲ್ಲ. ನಾನೂ ಯಾಕೆಂದು ಕೇಳಲಿಲ್ಲ.

ಅವರಿಬ್ಬರಿಗೂ, ಇಮ್ತಿಯಾಜ್‌ಗೂ ಹೇಳದ ಒಂದು ವಿಷಯ ಇದೆ. ಒಬ್ಬನಿಗಾದರೂ ಕೆಲಸ ಸಿಗಲಿ ಎಂದು ಒಪ್ಪಿಕೊಂಡೆ ಎಂದು ಎಲ್ಲರಿಗೂ ಹೇಳಿದೆ. ಅದು ನಿಜ, ಆದರೆ ಪೂರ್ತಿ ನಿಜವಲ್ಲ. ಆ ಹೆಂಗಸು ಅಷ್ಟು ನಯವಾಗಿ, "ನಿಮಗೆ ಅರ್ಥವಾಗುತ್ತದೆ ಎಂದುಕೊಂಡಿದ್ದೇನೆ" ಎಂದಳಲ್ಲ, ಆಗ ನನಗೆ ಒಳಗೊಳಗೇ ಹಿತವಾಗಿತ್ತು. ಈ ದೇಶಕ್ಕೆ ಬಂದು ಎರಡು ವರ್ಷವಾದ ಮೇಲೆ ಮೊದಲ ಸಲ ಯಾರೋ ಅಷ್ಟು ಮರ್ಯಾದೆಯಿಂದ ನನ್ನನ್ನು ತಮ್ಮ ಕಡೆಯವಳೆಂದುಕೊಂಡು ಮಾತಾಡಿದ್ದರು. ಅದನ್ನು ಕಳೆದುಕೊಳ್ಳಲು ಮನಸ್ಸಾಗದೆ "ಆಗಲಿ" ಎಂದಿದ್ದೆ.