ತೊಟ್ಟಿಯಲ್ಲಿ ನೆನೆಸಿಟ್ಟ ಹಾಯಿದೋಣಿ

ಸಮುದ್ರದಲ್ಲಿ ವರ್ಷಗಟ್ಟಲೆ ಓಡಾಡಿ ಏನೂ ಆಗದ ದೋಣಿಯೊಂದು ಕೋಲಾರ ಜಿಲ್ಲೆಗೆ ಬಂದು, ನೀರು ಹೆಚ್ಚಾಗಿ ಕೆಟ್ಟಿತು ಎಂದರೆ ಯಾರೂ ನಂಬುವುದಿಲ್ಲ. ಕೆಡಿಸಿದವನು ನಾನೇ ಆದ್ದರಿಂದ ನನಗೆ ನಂಬದೆ ವಿಧಿಯಿಲ್ಲ.

ಎಂಬತ್ತರ ದಶಕದ ಮೊದಲ ವರ್ಷಗಳು. ನಾನು ಮುಳಬಾಗಿಲಿನ ಹೈಸ್ಕೂಲೊಂದರಲ್ಲಿ ವಿಜ್ಞಾನದ ಮೇಷ್ಟ್ರು. ನನ್ನ ಹೆಂಡತಿಯ ಅಣ್ಣ ಮದ್ರಾಸಿನ ಬಂದರಿನಲ್ಲಿ ಫೋರ್ಮನ್ ಆಗಿದ್ದರು. ಹರಾಜಿನಲ್ಲಿ ಹಿಡಿದ ಹನ್ನೆರಡು ಅಡಿಯ ಹಳೆಯ ಫೈಬರ್ ಹಾಯಿದೋಣಿಯೊಂದು ಅವರ ಹತ್ತಿರ ಇತ್ತು. ಭಾನುವಾರವಾದರೆ ಅದನ್ನು ಬಿಟ್ಟು ಅವರಿಗೆ ಬೇರೆ ದೇವರಿಲ್ಲ. ಮೂರನೇ ಮಹಡಿಯ ಕ್ವಾರ್ಟರ್ಸಿಗೆ ಮನೆ ಬದಲಾಯಿಸಬೇಕಾಗಿ ಬಂದಾಗ ಭಾವ ಅದನ್ನು ಲಾರಿಗೆ ಹಾಕಿ ನಮ್ಮಲ್ಲಿಗೆ ತಂದರು.

"ಮೇಷ್ಟ್ರೇ, ನಿಮ್ಮೂರ ಕೆರೆ ತುಂಬಿದಾಗ ಒಂದು ಕಾಗದ ಹಾಕಿ, ಓಡಿ ಬರ್ತೀನಿ. ಅಲ್ಲೀವರೆಗೂ ನೆರಳಲ್ಲಿಡಿ, ಅಷ್ಟು ಸಾಕು."

ಸಾಕು ಎಂದು ಯಾರು ಹೇಳಿದರೂ ನನಗೆ ಸಾಕೆನಿಸುವುದಿಲ್ಲ. ಬೇಸಿಗೆ ಬಂತು. ನೆರಳಲ್ಲೂ ಬಿಸಿಗಾಳಿ. ದೋಣಿ ಒಣಗಿ ಬಿರುಕು ಬಿಟ್ಟರೆ? ನಮ್ಮಪ್ಪ ಬೇಸಿಗೆಗೆ ಮುಂಚೆ ಗಾಡಿ ಚಕ್ರಗಳನ್ನು ಕಳಚಿ ನೀರಿನಲ್ಲಿ ನೆನೆಸುತ್ತಿದ್ದರು. ಇಲ್ಲದಿದ್ದರೆ ಮರ ಕುಗ್ಗಿ ಸುತ್ತಲಿನ ಕಬ್ಬಿಣದ ಪಟ್ಟಿ ಕಳಚಿಕೊಳ್ಳುತ್ತದೆ. ಅಪ್ಪನ ವಿದ್ಯೆಯನ್ನು ನೆನೆದು, ನಮ್ಮ ಹಿಪ್ಪುನೇರಳೆ ತೋಟದ ಸಿಮೆಂಟ್ ತೊಟ್ಟಿಯೊಳಗೆ ದೋಣಿಯನ್ನು ಇಳಿಸಿ, ತೇಲದ ಹಾಗೆ ಕಲ್ಲು ಹೇರಿ ಮುಳುಗಿಸಿದೆ. ಎರಡು ವರ್ಷ ನೆಮ್ಮದಿಯಾಗಿ ನಿದ್ದೆ ಮಾಡಿದೆ. ನನ್ನ ಜೀವನದಲ್ಲಿ ಚಿಂತೆಯಿಲ್ಲದ ವರ್ಷಗಳು ಅವೆರಡೇ.

ಮೂರನೆಯ ವರ್ಷ ಕೆರೆ ತುಂಬಿತು. ಕಾಗದ ಬರೆಯುವ ಮುಂಚೆ ತೊಳೆದಿಡೋಣವೆಂದು ದೋಣಿಯನ್ನು ಮೇಲೆತ್ತಿ ಬೋರಲು ಹಾಕಿಸಿದೆ. ತಳದ ತುಂಬ ಗುಳ್ಳೆ. ಕೆಲವು ಕಡಲೆಕಾಳಿನಷ್ಟು, ಕೆಲವು ನೆಲ್ಲಿಕಾಯಿಯಷ್ಟು.

ನಂಗಲಿಯಿಂದ ಲಾರಿಗೆ ಬಣ್ಣ ಹೊಡೆಯುವವನನ್ನು ಕರೆಸಿದೆ. ಅವನು ದೋಣಿಯನ್ನು ಒಂದು ಸುತ್ತು ಹಾಕಿ ತೆಲುಗಿನಲ್ಲೇ ಶುರುಮಾಡಿದ. "ಏಂ ಸಾರ್, ಪಡವಕಿ ಅಮ್ಮವಾರು ಪೋಸಿಂದಾ?" ದೋಣಿಗೆ ಸಿಡುಬು ಎದ್ದಿದೆಯೇ ಎಂದು ಅವನ ಕುಶಲಪ್ರಶ್ನೆ.

"ನಗಬೇಡ ಮಾರಾಯ, ಬೇಗ ಪುಟ್ಟಿ ಹಚ್ಚು."

ಅವನು ಸ್ಕ್ರೂಡ್ರೈವರಿನಿಂದ ಒಂದು ಗುಳ್ಳೆಯನ್ನು ಚುಚ್ಚಿದ. ಒಳಗಿನ ನೀರು ಚಿಮ್ಮಿ ನೇರವಾಗಿ ನನ್ನ ಕನ್ನಡಕಕ್ಕೆ ಬಿತ್ತು.

"ಹುಳಿ ವಾಸ್ನೆ ಸಾರ್. ನೀರು ಮೈಯೊಳಕ್ಕೆ ಇಳ್ದೋಗೈತೆ. ಈಗ ಪುಟ್ಟಿ ತಿಕ್ಕಿದ್ರೆ ಹಪ್ಪಳ ಎದ್ದಂಗೆ ಏಳ್ತದೆ. ಮೊದ್ಲು ಒಣಗ್ಬೇಕು."

ಎಲ್ಲ ಗುಳ್ಳೆಗಳನ್ನೂ ಒಡೆದು, ಕೆರೆದು, ಒಳ್ಳೆಯ ನೀರಿನಲ್ಲಿ ತೊಳೆದ. ವಾರ ಬಿಟ್ಟು ಬಂದು, ಒಳಗೆ ಇನ್ನೂ ನೀರಿದೆಯೇ ಎಂದು ತಿಳಿಯಲು ತಳಕ್ಕೆ ಒಂದು ಪ್ಲಾಸ್ಟಿಕ್ ಹಾಳೆಯನ್ನು ಸುತ್ತಲೂ ಟೇಪು ಹಾಕಿ ಅಂಟಿಸಿದ. ಮಾರನೆಯ ದಿನ ನೋಡಿದರೆ ಹಾಳೆಯ ಒಳಮೈಯಲ್ಲಿ ಹನಿಗಳು. ಎಲೆಗಳಿಂದ ನೀರು ಹೊರಬರುವುದನ್ನು ತೋರಿಸಲು ನಾನು ಪ್ರತಿವರ್ಷ ಗಿಡಕ್ಕೆ ಪ್ಲಾಸ್ಟಿಕ್ ಚೀಲ ಕಟ್ಟಿ ಮಾಡುತ್ತಿದ್ದ ಪ್ರಯೋಗ ಅದೇ.

"ಎಷ್ಟು ದಿನ ಬೇಕಯ್ಯಾ?"

"ಬೇಸಿಗೆ ಬರ್ಲಿ ಸಾರ್."

ಅಲ್ಲಿ ಕೆರೆ ತುಂಬಿ ತುಳುಕುತ್ತಿದೆ, ಇಲ್ಲಿ ದೋಣಿ ಒಣಗುತ್ತಿದೆ. ಭಾವನಿಗೆ ಏನೆಂದು ಬರೆಯಲಿ? ಕೋಲಾರ ಜಿಲ್ಲೆಯಲ್ಲಿ ಯಾರೂ ಅನುಮಾನಪಡದ ಸುಳ್ಳು ಒಂದೇ. 'ಈ ವರ್ಷವೂ ಕೆರೆಯಲ್ಲಿ ನೀರಿಲ್ಲ' ಎಂದು ಬರೆದೆ.

"ರೀ, ಅಣ್ಣಂಗೆ ಸುಳ್ಳು ಬರೀಬೇಡಿ. ನಿಜ ಹೇಳಿದ್ರೆ ಬೈತಾನೆ, ಅಷ್ಟೇ ತಾನೇ?" ಎಂದಳು ಹೆಂಡತಿ.

"ಬೈಯದೆ ಸುಮ್ಮನಿದ್ದುಬಿಟ್ಟರೆ ಏನು ಮಾಡೋದು ಕಣೇ?" ಎಂದು ಹೇಳಿ ಕಾಗದವನ್ನು ಅಂಚೆ ಡಬ್ಬಿಗೆ ಹಾಕಿ ಬಂದೆ.

ತಿಂಗಳೊಳಗೆ ಕೋಲಾರದಲ್ಲಿ ಯಾರದೋ ಮದುವೆಗೆಂದು ಬಂದ ಭಾವ, ತಂಗಿಯನ್ನು ನೋಡಿಕೊಂಡು ಹೋಗಲು ನಮ್ಮ ಮನೆಗೂ ಬಂದರು. ಕೆರೆಯ ಕೋಡಿಯ ನೀರು ರಸ್ತೆಯ ಮೇಲೆ ಹರಿಯುತ್ತಿದ್ದರಿಂದ ಬಸ್ಸು ಆಚೆಯೇ ನಿಂತಿತ್ತು. ಅವರು ಮಂಡಿಯವರೆಗೆ ಒದ್ದೆಯಾಗಿ, ಚಪ್ಪಲಿಯನ್ನು ಕೈಯಲ್ಲಿ ಹಿಡಿದು ಬಾಗಿಲಲ್ಲಿ ನಿಂತಿದ್ದರು.

"ನೀರಿಲ್ದೇ ಇರೋ ವರ್ಷವೇ ಹಿಂಗಾದ್ರೆ, ಇರೋ ವರ್ಷ ಹೆಂಗೆ ಮೇಷ್ಟ್ರೇ?"

ತೋಟಕ್ಕೆ ಕರೆದುಕೊಂಡು ಹೋದೆ. ಅವರು ತಳದ ಮೇಲೆ ಕೈಯಾಡಿಸುತ್ತ ಒಂದೊಂದು ಕುಳಿಯಲ್ಲೂ ಬೆರಳಿಟ್ಟು ನೋಡಿದರು. ನಾನು ತೊಟ್ಟಿ, ಕಲ್ಲು, ಎರಡು ವರ್ಷ ಎಲ್ಲವನ್ನೂ ಒಪ್ಪಿಸಿದೆ.

"ಗಾಡಿ ಚಕ್ರದ ತರ ನೆನೆಸಿದ್ರಾ? ಇದು ಮರ ಅಲ್ಲ ಅಂತ ಗೊತ್ತಿತ್ತಲ್ವಾ? ನೀವು ಸೈನ್ಸು ತಾನೇ?"

"ಎಸ್ಸೆಸ್ಸೆಲ್ಸಿವರೆಗೆ ಮಾತ್ರ."

ಅವರು ನಗಲಿಲ್ಲ, ಬೈಯಲೂ ಇಲ್ಲ. ಮಾರನೆಯ ದಿನ ತಾವೇ ನಂಗಲಿಗೆ ಹೋಗಿ, ಏನೇನು ಮಾಡಬೇಕೆಂದು ಆ ಪೇಂಟರಿಗೆ ಹೇಳಿ, ಅಲ್ಲಿಂದಲೇ ಮದ್ರಾಸಿನ ಬಸ್ಸು ಹತ್ತಿದರು. ಅಂದಿನಿಂದ ದಿನವೂ ಬೆಳಿಗ್ಗೆ ನಾನೇ ತೋಟಕ್ಕೆ ಹೋಗಿ ಪ್ಲಾಸ್ಟಿಕ್ ಹಾಳೆಯನ್ನು ಎತ್ತಿ ನೋಡುತ್ತಿದ್ದೆ. ಯಾರೂ ಹೇಳಿದ ಕೆಲಸವಲ್ಲ.

ಏಪ್ರಿಲ್‌ನಲ್ಲಿ ಹಾಳೆ ಒಣಗಿಯೇ ಉಳಿಯತೊಡಗಿತು. ಭಾವ ಎರಡು ಡಬ್ಬಿ ಅಂಟು ತಂದರು. ಎರಡನ್ನೂ ಬೆರೆಸಿ ಕುಳಿಗಳಿಗೆ ತುಂಬಿ, ಗಟ್ಟಿಯಾದ ಮೇಲೆ ಉಜ್ಜಿ, ನೀರು ಒಳಗಿಳಿಯದ ಹಾಗೆ ಮೇಲೆ ನಾಲ್ಕು ಕೋಟು ಹಚ್ಚಿದರು. ಉಜ್ಜುವ ಕಾಗದ ಮಾತ್ರ ನನ್ನ ಕೈಗೆ ಬಂತು. ಆ ವೇಳೆಗೆ ಕೆರೆಯಂಗಳದಲ್ಲಿ ದನ ಮೇಯುತ್ತಿದ್ದವು.

ಕೆಲಸ ಮುಗಿದ ದಿನ ಸೀಮೆಎಣ್ಣೆಯಲ್ಲಿ ಕೈ ತೊಳೆಯುತ್ತ ಭಾವ ಹೇಳಿದರು: "ದೋಣಿ ಇಲ್ಲೇ ಇರ್ಲಿ."

ದೋಣಿಯನ್ನು ಹಿಂದಕ್ಕೆ ಒಯ್ಯಲು ಲಾರಿ ತರಿಸುತ್ತಾರೆಂದು ವಾರದಿಂದ ಹೆದರಿದ್ದ ನನಗೆ ಉಸಿರು ಬಂತು.

"ನೆನೆಸಿದ್ರಿ, ಸರಿ, ಗೊತ್ತಾಗ್ದೆ ಮಾಡಿದ್ರಿ. ಕೆರೆ ವಿಷಯದ ಕಾಗದ ಮಾತ್ರ ಇನ್ಮೇಲೆ ನನ್ನ ತಂಗೀನೇ ಬರೀಲಿ."

ಹೂಂ ಎಂದೆ. ಮುಂದಿನ ಸಲ ಕೆರೆ ತುಂಬಲು ಮತ್ತೆ ಮೂರು ವರ್ಷ ಹಿಡಿಯಿತು. ಹೆಂಡತಿ ಕಾರ್ಡು ಬರೆದು ಡಬ್ಬಿಗೆ ಹಾಕಲು ನನ್ನ ಕೈಗೆ ಕೊಟ್ಟಳು. ದಾರಿಯಲ್ಲಿ ಓದದೆ ಇರಲಾಗಲಿಲ್ಲ.

'ಅಣ್ಣಾ, ಕೆರೆ ತುಂಬಿದೆ, ಬಾ. ಇವರು ದೋಣಿಯನ್ನು ಮುಟ್ಟಿಲ್ಲ.'