ಒಂಬತ್ತು ದಿನ ಆರಿಸಿದ ಗೆರೆ

ಕೌದಿಯನ್ನು ಕಂಡವರು ಮೊದಲು ಮೆಚ್ಚುವುದು ಅದರ ಬಣ್ಣವನ್ನು. ಆಮೇಲೆ, ತುಂಡು ಬಟ್ಟೆಗಳನ್ನು ತಾಳ್ಮೆಯಿಂದ ಜೋಡಿಸಿದ ಕೈಯನ್ನು. ಆ ಮೇಲ್ಬಟ್ಟೆಯನ್ನೂ ನಡುವಿನ ಹತ್ತಿಯ ಹಾಸನ್ನೂ ಅಡಿಬಟ್ಟೆಯನ್ನೂ ಒಂದಾಗಿ ಹಿಡಿದಿರುವ ಹೊಲಿಗೆಯ ಗೆರೆ ಎಂಥದು, ಬಳ್ಳಿಯೋ ಅಲೆಯೋ ಬರಿಯ ನೇರ ಸಾಲೋ, ಅದನ್ನು ಆರಿಸಿದವರು ಯಾರು ಎಂದು ಕೇಳುವವರು ನೂರಕ್ಕೊಬ್ಬರು. ಯಾರೂ ಕೇಳದ ಈ ಕೆಲಸವನ್ನು ಮೂವತ್ತನಾಲ್ಕು ವರ್ಷ ಒಂದೇ ಕಾರ್ಯಾಗಾರದಲ್ಲಿ, ಒಂದೇ ಕಿಟಕಿಯ ಬೆಳಕಿನಲ್ಲಿ ಮಾಡಿ, ಗೆರೆಗೂ ಒಂದು ಗೌರವವಿದೆ ಎಂದು ನಮ್ಮ ಕಸುಬಿಗೆ ತೋರಿಸಿಕೊಟ್ಟವರು ಈ ಸಂಪುಟ ಯಾರಿಗೆ ಸಲ್ಲುತ್ತಿದೆಯೋ ಆ ಹಿರಿಯರು. ನಮ್ಮಲ್ಲಿ ಅವರಿಗಿದ್ದ ಹೆಸರು ನಾಳೆಯಕ್ಕ. "ನಾಳೆ ನೋಡೋಣ" ಎಂಬ ಮಾತು ದಿನಕ್ಕೆ ಹತ್ತು ಸಲ ಅವರ ಬಾಯಲ್ಲಿ ಬರುತ್ತಿದ್ದುದರಿಂದ ಹುಟ್ಟಿಕೊಂಡ ಹೆಸರು. ಇಟ್ಟವಳು ನಾನೇ, ಅದು ಅವರಿಗೂ ಗೊತ್ತು.

ಲೇಖನ ಎರಡು ಪುಟ ಮೀರದಿರಲಿ, ಬೇಸರದ ಸಂಗತಿಗಳು ಬೇಡ ಎಂದು ಸಂಪಾದಕರು ಪತ್ರ ಬರೆದಿದ್ದಾರೆ. ಮೊದಲನೆಯದನ್ನು ಪಾಲಿಸಲು ಯತ್ನಿಸುತ್ತೇನೆ. ಎರಡನೆಯದನ್ನು ಪಾಲಿಸಿದರೆ ನನಗೆ ಬರೆಯುವುದಕ್ಕೆ ಹೆಚ್ಚೇನೂ ಉಳಿಯುವುದಿಲ್ಲ. ಸನ್ಮಾನದ ಪುಸ್ತಕಗಳಲ್ಲಿ ಎಲ್ಲರೂ ಸದಾ ನಗುಮುಖದವರೇ ಆಗಿರುತ್ತಾರೆ. ನಾಳೆಯಕ್ಕ ಹಾಗಿರಲಿಲ್ಲ, ಮುಖ್ಯವಾಗಿ ಕಳೆದ ಹದಿಮೂರು ವರ್ಷಗಳಲ್ಲಿ.

ನಾನು ಅವರ ಕೈಕೆಳಗೆ ಸೇರಿದಾಗ ನನಗೆ ಮೂವತ್ತೆರಡು. ಅದಕ್ಕೆ ಮುಂಚೆ ಶಾಲಾ ಸಮವಸ್ತ್ರ ಹೊಲಿಯುತ್ತಿದ್ದೆ. ಹೊಲಿಗೆಯಲ್ಲಿ ನಾನು ಎತ್ತಿದ ಕೈ ಎಂಬ ಜಂಬವೂ ಇತ್ತು. ಕಾರ್ಯಾಗಾರದ ಒಳಕೋಣೆಯಲ್ಲಿ ಲಾಂಗ್‌ಆರ್ಮ್ ಯಂತ್ರವಿತ್ತು. ಮಂಚಕ್ಕಿಂತ ಉದ್ದನೆಯ ಕಬ್ಬಿಣದ ಚೌಕಟ್ಟು, ಅದರ ಎರಡು ಉರುಳೆಗಳ ನಡುವೆ ಬಿಗಿದು ಕಟ್ಟಿದ ಕೌದಿ, ಮೇಲೆ ಹಳಿಯ ಮೇಲೆಂಬಂತೆ ಓಡಾಡುವ ಯಂತ್ರ. ಸಾಮಾನ್ಯ ಮಷೀನಿನಲ್ಲಿ ಬಟ್ಟೆ ಚಲಿಸುತ್ತದೆ, ಇಲ್ಲಿ ಬಟ್ಟೆ ನಿಂತಿದ್ದು ಸೂಜಿಯೇ ಓಡುತ್ತದೆ. ಹಿಡಿಕೆ ಹಿಡಿದು ಚಿತ್ರ ಬರೆದಂತೆ ಹೊಲಿಯಬಹುದು ಎಂದು ನಾನು ಹಿಗ್ಗಿದೆ. ಅಕ್ಕ ಆರು ತಿಂಗಳು ನನಗೆ ಹಿಡಿಕೆಯನ್ನೇ ಮುಟ್ಟಗೊಡಲಿಲ್ಲ.

ಆ ಆರು ತಿಂಗಳು ನನ್ನ ಕೆಲಸವೆಂದರೆ ಕಿಟಕಿಯ ಪಕ್ಕದ ಮೇಜಿನ ಮೇಲೆ ಗಿರಾಕಿಯ ಮೇಲ್ಬಟ್ಟೆಯನ್ನು ಹರಡುವುದು, ಅದರ ಮೇಲೆ ಪಾರದರ್ಶಕವಾದ ಪ್ಲಾಸ್ಟಿಕ್ ಹಾಳೆ ಹಾಸುವುದು, ಅಕ್ಕ ಆ ಹಾಳೆಯ ಮೇಲೆ ಪೆನ್ನಿನಿಂದ ಗೆರೆ ಎಳೆಯುವುದನ್ನು ನೋಡುತ್ತ ನಿಲ್ಲುವುದು. ಅವರು ಒಂದು ಬಳ್ಳಿ ಬರೆಯುವರು, ಹಿಂದೆ ಸರಿದು ನೋಡುವರು, ಒರೆಸುವರು. ಅಲೆ ಬರೆಯುವರು, ಅದನ್ನೂ ಒರೆಸುವರು. ಕೊನೆಗೆ ನಾಳೆ ನೋಡೋಣ ಎಂದು ಹಾಳೆ ಮಡಿಸುವರು. ಗೆರೆ ತೀರ ಒತ್ತಾದರೆ ಕೌದಿ ರಟ್ಟಿನಂತೆ ಬಿರುಸಾಗುತ್ತದೆ, ತೀರ ವಿರಳವಾದರೆ ನಾಲ್ಕು ಒಗೆತಕ್ಕೆ ಒಳಗಿನ ಹತ್ತಿ ಮುದ್ದೆಗಟ್ಟುತ್ತದೆ. ಈ ಎರಡರ ನಡುವೆ ಪ್ರತಿಯೊಂದು ಕೌದಿಗೂ ಅದರದೇ ಒಂದು ಜಾಗವಿದೆ, ಅದನ್ನು ಹುಡುಕುವುದೇ ನಮ್ಮ ಕೆಲಸ ಎನ್ನುತ್ತಿದ್ದರು.

ಗಿರಾಕಿಗಳನ್ನು ಅವರು ಪ್ರಶ್ನೆ ಕೇಳಿ ಕೇಳಿ ಸುಸ್ತು ಮಾಡುತ್ತಿದ್ದರು. ಯಾರು ಹೊದೆಯುತ್ತಾರೆ, ಎಷ್ಟು ದಿನಕ್ಕೊಮ್ಮೆ ಒಗೆಯುತ್ತೀರಿ, ಮನೆಯಲ್ಲಿ ಬೆಕ್ಕಿದೆಯೇ, ಮಲಗಿದರೆ ಕಾಲು ಮಡಿಸುತ್ತೀರೋ ಚಾಚುತ್ತೀರೋ. ನಿವೃತ್ತ ಗಣಿತದ ಮೇಷ್ಟ್ರೊಬ್ಬರು ಈ ಕಡೆಯ ಪ್ರಶ್ನೆಗೆ ಉತ್ತರ ಹೊಳೆಯದೆ ತಬ್ಬಿಬ್ಬಾದಾಗ, "ಮಲ್ಕೊಂಡು ತೋರಿಸಿ ಸಾರ್" ಎಂದುಬಿಟ್ಟರು. ಆ ಮನುಷ್ಯ ಬೂಟು ಬಿಚ್ಚಿಟ್ಟು ನಮ್ಮ ಮೇಜಿನ ಮೇಲೆ ಮಲಗಿ, ಐದು ನಿಮಿಷದಲ್ಲಿ ನಿಜವಾಗಿಯೂ ನಿದ್ದೆ ಹೋದರು. ನಾವು ಅವರ ಸುತ್ತ ಬೆರಳ ತುದಿಯಲ್ಲಿ ಓಡಾಡಿದೆವು.

ನನ್ನ ಮೇಲೆ ಅವರು ತೋರಿದ ದಯೆಗಳಲ್ಲಿ ಒಂದನ್ನು ಇಲ್ಲಿ ದಾಖಲಿಸಬೇಕು. ಮೊದಲ ವರ್ಷ, ಅವರಿಲ್ಲದಾಗ ನಾನೇ ದೊಡ್ಡವಳಂತೆ ಪ್ಲಾಸ್ಟಿಕ್ ಹಾಳೆಯ ಮೇಲೆ ಗೆರೆ ಎಳೆಯಲು ಹೋಗಿ, ಪೆನ್ನು ಹಾಳೆಯ ಅಂಚು ದಾಟಿ ಗಿರಾಕಿಯ ಬಿಳಿ ಬಟ್ಟೆಯ ಮೇಲೆ ಗೇಣುದ್ದ ಕಪ್ಪು ಗೀಟು ಬಿತ್ತು. ಯಾವ ಸೋಪಿಗೂ ಹೋಗದ ಶಾಯಿ. ಆ ತುಂಡನ್ನು ಬಿಚ್ಚಿ ಬೇರೆ ಜೋಡಿಸಿದರೆ ಯಾರಿಗೂ ತಿಳಿಯುತ್ತಿರಲಿಲ್ಲ. ನಾನು ಹಾಗೇ ಬೇಡಿಕೊಂಡೆ. ಅಕ್ಕ ಗಿರಾಕಿಯನ್ನು ಕರೆಸಿ, ಗೀಟನ್ನು ತೋರಿಸಿ, "ನಮ್ಮ ಕೈ ಜಾರಿತು" ಎಂದರು. ನಮ್ಮ ಎಂದದ್ದು ನನಗಾಗಿ. ಮುಚ್ಚಿಡದೆ ಹೇಳಿದ್ದು ಅವರ ಸ್ವಭಾವಕ್ಕಾಗಿ. ಆ ಹೆಂಗಸು ಕೂಗಾಡಿದಷ್ಟೂ ಹೊತ್ತು ಅಕ್ಕ ಎದುರಿಗೆ ನಿಂತು ಕೇಳಿಸಿಕೊಂಡರು.

ಇನ್ನು ಆ ಸಂಗತಿ. ಹದಿಮೂರು ವರ್ಷದ ಹಿಂದೆ ಬಸ್ಸಿನ ಚಾಲಕರೊಬ್ಬರು ಸಮವಸ್ತ್ರದಲ್ಲೇ ಬಂದು, ದಿಂಬಿನ ಚೀಲದೊಳಗಿಂದ ಮಡಿಸಿದ ಮೇಲ್ಬಟ್ಟೆಯೊಂದನ್ನು ತೆಗೆದು ಮೇಜಿನ ಮೇಲಿಟ್ಟರು. ಅವರ ಹೆಂಡತಿ ಹಾಸಿಗೆ ಹಿಡಿದು ವರ್ಷವಾಗಿತ್ತು. ತನ್ನ ಉಡುಪುಗಳನ್ನೇ ಕತ್ತರಿಸಿ, ತ್ರಿಕೋನದ ತುಂಡು ಮಾಡಿ, ಐದು ವರ್ಷದ ಮಗಳಿಗೆಂದು ಕೈಯಲ್ಲೇ ಜೋಡಿಸಿದ್ದರು. ಮೇಲಿನ ಸಾಲುಗಳ ಹೊಲಿಗೆ ಎಣಿಸಿ ಇಟ್ಟಂತಿತ್ತು. ಕೆಳಗೆ ಬಂದಂತೆ ಟಾಕುಗಳು ಉದ್ದವಾಗಿ, ವಾರೆಯಾಗಿ, ಕಡೆಯ ಎರಡು ಸಾಲುಗಳಲ್ಲಿ ದಾರ ಬಟ್ಟೆಯನ್ನು ಹಿಡಿದೂ ಹಿಡಿಯದ ಹಾಗಿತ್ತು. "ಅವಳು ಒಂದ್ಸಲ ಪೂರ್ತಿ ಆಗಿದ್ದು ನೋಡ್ಬೇಕಂತೆ," ಎಂದರು ಚಾಲಕರು. "ಸ್ವಲ್ಪ ಬೇಗ ಮಾಡ್ಕೊಡಿ."

ಆ ಕಡೆಯ ಎರಡು ಸಾಲುಗಳೇ ಅಕ್ಕನನ್ನು ಹಿಡಿದು ನಿಲ್ಲಿಸಿದವು. ನಮ್ಮಲ್ಲಿದ್ದ ಯಾವ ಸಿದ್ಧ ವಿನ್ಯಾಸ ಹಾಕಿದರೂ ಯಂತ್ರದ ಸೂಜಿ ಆ ಸಡಿಲ ಟಾಕುಗಳನ್ನು ದಾಟಿ ಹೋಗಬೇಕಿತ್ತು, ದಾಟಿದರೆ ಅವು ಹರಿಯುತ್ತಿದ್ದವು. ಬಿಚ್ಚಿ ಮತ್ತೆ ಗಟ್ಟಿಯಾಗಿ ಹೊಲಿಯೋಣ ಎಂದೆ. "ಅದು ಆಕೆ ಕೈ ಕಣೆ, ಬಿಚ್ಚೋದಕ್ಕೆ ನಾವ್ಯಾರು?" ಎಂದರು. ಹಾಳೆ ಹಾಸಿದರು, ಬರೆದರು, ಒರೆಸಿದರು. ಎರಡನೆಯ ದಿನ, ಮೂರನೆಯ ದಿನ, ಹೀಗೇ ಅಳೆದು ಸುರಿದು ದಿನ ಕಳೆದವು. ಐದನೆಯ ದಿನ ಚಾಲಕರ ಫೋನು ಬಂತು. ನಾನು ಎತ್ತಿ ಅಕ್ಕನಿಗೆ ಕೊಟ್ಟೆ. ಆ ಕಡೆಯ ದನಿ ನನಗೂ ಕೇಳುವಷ್ಟು ಜೋರಾಗಿತ್ತು. "ಯಾವ್ದಾದ್ರೂ ಹಾಕ್ಬಿಡಿ ಅಕ್ಕ. ಅವಳಿಗೆ ಅದೆಲ್ಲ ಗೊತ್ತಾಗಲ್ಲ. ದಿನಾ ಕೇಳ್ತಾಳೆ, ಬಂತಾ ಅಂತ." ಅಕ್ಕ ಕಣ್ಣು ಮುಚ್ಚಿ ಕೇಳಿ, "ಇನ್ನೆರಡು ದಿನ ಕೊಡಿ," ಎಂದರು.

ಎರಡು ದಿನ ನಾಲ್ಕಾಯಿತು. ಸಿದ್ಧ ವಿನ್ಯಾಸವೊಂದನ್ನು ಹಾಕಿದ್ದರೆ ನಾನೇ ಒಂದು ಮಧ್ಯಾಹ್ನದಲ್ಲಿ ಮುಗಿಸುತ್ತಿದ್ದೆ. ಹತ್ತಾರು ಟಾಕು ಹರಿಯುತ್ತಿದ್ದವು, ಹರಿಯಲಿ. ಅದನ್ನು ಬಾಯಿ ಬಿಟ್ಟು ಹೇಳಲು ನನಗೆ ಧೈರ್ಯವಾಗಲಿಲ್ಲ. ಒಂಬತ್ತನೆಯ ದಿನ ಸಂಜೆ ಅಕ್ಕನಿಗೆ ಗೆರೆ ಸಿಕ್ಕಿತು: ಪ್ರತಿ ತ್ರಿಕೋನದ ನಟ್ಟನಡುವೆ ತಗ್ಗಿ ಏರುವ ಅಗಲವಾದ ಅಲೆ. ಮೇಲಿನ ಗಟ್ಟಿ ಸಾಲುಗಳ ಜೋಡಣೆಯನ್ನು ಅದು ಧಾರಾಳವಾಗಿ ದಾಟುತ್ತಿತ್ತು. ಕೆಳಗಿನ ಎರಡು ಸಾಲುಗಳಿಗೆ ಬಂದಾಗ ಮಾತ್ರ ಬಳಸಿಕೊಂಡು, ಒಂದೂ ಸಡಿಲ ಟಾಕನ್ನು ಮುಟ್ಟದೆ ಆಚೆ ಹೋಗುತ್ತಿತ್ತು. ಹತ್ತನೆಯ ದಿನ ಬೆಳಗ್ಗೆ ಹೊಲಿಯಲು ನಿಂತವರು ಊಟದ ಹೊತ್ತಿಗೆ ಮುಗಿಸಿದರು. ನನ್ನ ಕಣ್ಣು ಕಂಡ ಕೆಲಸದಲ್ಲಿ ಅದಕ್ಕಿಂತ ಚೆಲುವಾದದ್ದಿಲ್ಲ. ಅಕ್ಕ ಫೋನು ಮಾಡಿದರು. ಯಾರೂ ಎತ್ತಲಿಲ್ಲ.

ಹದಿನೈದು ದಿನ ಬಿಟ್ಟು ಚಾಲಕರು ಬಂದರು. ಹೆಂಡತಿ ತೀರಿಕೊಂಡದ್ದು ಒಂಬತ್ತನೆಯ ದಿನವೇ, ಬೆಳಗ್ಗೆ. ಮೇಜಿನ ಮೇಲೆ ಹರಡಿದ ಕೌದಿಯನ್ನು ನೋಡಿದರು, ಮುಟ್ಟಲಿಲ್ಲ. "ಇಲ್ಲೇ ಇಟ್ಕೊಳ್ಳಿ" ಎಂದಷ್ಟೇ ಹೇಳಿ ಹೊರಟುಹೋದರು. ಅವರು ಬಯ್ದಿದ್ದರೆ ಎಷ್ಟೋ ಚೆನ್ನಾಗಿತ್ತು. ಆ ದಿನ ನನಗೆ ಅಕ್ಕನ ಮೇಲೆ ಬಂದ ಸಿಟ್ಟು ಇಂದಿಗೂ ಪೂರ್ತಿ ಹೋಗಿಲ್ಲ. ಅಭಿನಂದನ ಲೇಖನದಲ್ಲಿ ಬರೆಯುವ ಮಾತು ಇದಲ್ಲವೆಂದು ಬಲ್ಲೆ. ಆದರೆ ಅವರ ಶಿಷ್ಯೆಯಾಗಿ ಸುಳ್ಳು ಬರೆಯಲಾರೆ.

ಅಕ್ಕ ಅಲ್ಲಿಂದ ಮುಂದೆ ಬೇರೆಯವರಾದರು. ಯಾವಾಗ ಬೇಕು ಎಂಬುದೇ ಅವರ ಮೊದಲ ಪ್ರಶ್ನೆಯಾಯಿತು. ನಾಳೆ ಎಂಬ ಮಾತು ಅವರ ಬಾಯಲ್ಲಿ ನಿಂತುಹೋಯಿತು. ನಾವೂ ನಾಳೆಯಕ್ಕ ಎನ್ನುವುದನ್ನು ಬಿಟ್ಟು ಬರಿಯ ಅಕ್ಕ ಎನ್ನತೊಡಗಿದೆವು. ಬೇಗ ಆರಿಸುತ್ತಿದ್ದರು, ಕೆಲವೊಮ್ಮೆ ತಪ್ಪಾಗಿಯೂ ಆರಿಸುತ್ತಿದ್ದರು, ತಪ್ಪೆಂದು ಗೊತ್ತಿದ್ದೂ ಹೊಲಿದು ಕೊಟ್ಟುಬಿಡುತ್ತಿದ್ದರು. ಅವರಿಗೆ ಬಂದ ಪ್ರಶಸ್ತಿಗಳೆಲ್ಲ ಈ ಅವಧಿಯವೇ ಎಂಬುದನ್ನು ನೆನೆದರೆ ನನಗೆ ನಗು ಬರುತ್ತದೆ, ಅಂಥ ಸಂತೋಷದ ನಗುವಲ್ಲ. ಆ ಕೌದಿ ಬೀರುವಿನ ಮೇಲುಹಲಗೆಯಲ್ಲಿತ್ತು. ಮೂರು ತಿಂಗಳಿಗೊಮ್ಮೆ ತೆಗೆದು ಕೊಡವಿ, ಮಡಿಕೆ ಅಚ್ಚಾಗದಿರಲೆಂದು ಪ್ರತಿ ಸಲವೂ ಬೇರೆ ಜಾಗದಲ್ಲಿ ಮಡಿಸಿ ಇಡುತ್ತಿದ್ದರು. ಚಾಲಕರ ಹಳೆಯ ವಿಳಾಸಕ್ಕೆ ಬರೆದ ಪತ್ರಗಳು ತಿರುಗಿ ಬಂದವು. ನಿವೃತ್ತಿಯ ವಯಸ್ಸು ಬಂದಾಗ ಎರಡು ಸಲ ಮಾಲೀಕರನ್ನು ಕೇಳಿಕೊಂಡು ಮುಂದಕ್ಕೆ ಹಾಕಿದರು. ಮೊಣಕಾಲು ಗಟ್ಟಿಯಿದೆ ಎಂದು ಎಲ್ಲರಿಗೂ ಹೇಳುತ್ತಿದ್ದರು. ನಿಜವಾದ ಕಾರಣ ಬೀರುವಿನ ಮೇಲುಹಲಗೆಯಲ್ಲಿದೆ ಎಂಬುದು ನನಗೆ ಗೊತ್ತಿತ್ತು.

ಕಳೆದ ವರ್ಷ ಹದಿನೇಳರ ಹುಡುಗಿಯೊಬ್ಬಳು ಬಂದು ಹಳದಿಗಟ್ಟಿದ ರಸೀದಿಯೊಂದನ್ನು ನನ್ನ ಮುಂದಿಟ್ಟಳು. ಮನೆ ಬದಲಾಯಿಸುವಾಗ ಅಪ್ಪನ ಪೆಟ್ಟಿಗೆಯಲ್ಲಿ ಸಿಕ್ಕಿತಂತೆ. ನಾನು ಮಾತಾಡುವ ಮುನ್ನವೇ ಅಕ್ಕ ಸ್ಟೂಲು ಹತ್ತಿ ಕೌದಿ ಇಳಿಸಿದ್ದರು. ಹುಡುಗಿ ಅದರ ಮೇಲೆ ಅಂಗೈ ಇಟ್ಟಳು.

"ಅಮ್ಮ ಇದನ್ನ ನೋಡಿದ್ಲಾ?" ಎಂದು ಕೇಳಿದಳು. "ಹೊದ್ಕೊಂಡು ಮಲ್ಗಿದ್ಲು, ಅದನ್ನ ಅವಳ ಜೊತೆಗೇ ಕಳಿಸಿದ್ವಿ ಅಂತ ಅಪ್ಪ ಹೇಳ್ತಿದ್ರು."

ನೋಡಿದ್ಲು ಕಣಮ್ಮ, ಆಮೇಲೆ ಮತ್ತೆ ಇಲ್ಲಿಗೆ ಬಂತು ಎಂಬ ಸುಳ್ಳು ನನ್ನ ತುಟಿಯ ಮೇಲೇ ಇತ್ತು. ಒಬ್ಬ ತಂದೆ ಹನ್ನೆರಡು ವರ್ಷ ಕಾಪಾಡಿಕೊಂಡು ಬಂದದ್ದನ್ನು ಇನ್ನೊಂದಷ್ಟು ಕಾಲ ಕಾಪಾಡಿದರೆ ಯಾರ ಗಂಟೇನು ಹೋಗುತ್ತಿತ್ತು?

"ಇಲ್ಲಮ್ಮ," ಎಂದರು ಅಕ್ಕ. "ನೋಡ್ಲಿಲ್ಲ. ನಾನು ತಡ ಮಾಡಿದೆ. ನಿಮ್ಮಪ್ಪ ಬೇಗ ಬೇಕು ಅಂತ ಫೋನ್ ಕೂಡ ಮಾಡಿದ್ರು. ಆದ್ರೂ ತಡ ಮಾಡಿದೆ."

"ಅಮ್ಮ ಕಾಯ್ತಿದ್ಲಾ?"

"ಕಾಯ್ತಿದ್ರು. ದಿನಾ ಕೇಳ್ತಿದ್ರಂತೆ."

ಯಾಕೆ ತಡವಾಯಿತೆಂದು ಅಕ್ಕ ಹೇಳಲಿಲ್ಲ. ಆ ಎರಡು ಸಾಲುಗಳನ್ನು ತೋರಿಸಲೂ ಇಲ್ಲ. ನಾನು ತೋರಿಸಲು ಕೈ ಎತ್ತಿದರೆ ಕಣ್ಣಲ್ಲೇ ತಡೆದರು. ಹುಡುಗಿ ಕೌದಿಯನ್ನು ಎದೆಗವಚಿಕೊಂಡು ಹೋದಳು. ಆ ವಾರವೇ ಅಕ್ಕ ನಿವೃತ್ತಿಯ ಅರ್ಜಿ ಕೊಟ್ಟರು. ಆ ಮಗುವಿನಿಂದ ಒಂದು ಸಮಾಧಾನವನ್ನು ಕಿತ್ತುಕೊಂಡದ್ದು ಸರಿಯೇ ಎಂದು ನಾನು ಒಮ್ಮೆ ಕೇಳಿದೆ. "ಗೊತ್ತಿಲ್ಲ ಕಣೆ" ಎಂದರು. ನನಗೂ ಗೊತ್ತಿಲ್ಲ.

ಲೇಖನವನ್ನು ಇಲ್ಲಿಗೇ ಮುಗಿಸಿ, ವಾಡಿಕೆಯ ನಾಲ್ಕು ಮಾತು ಬರೆದು ಕೈ ತೊಳೆದುಕೊಳ್ಳುವವಳಿದ್ದೆ. ಆದರೆ ಮೊನ್ನೆ ಮಂಗಳವಾರ ಆ ಹುಡುಗಿ ಮತ್ತೆ ಬಂದಳು. ಕೌದಿ ನಾಲ್ಕಾರು ಒಗೆತ ಕಂಡು ಮೆತ್ತಗಾಗಿತ್ತು. ಕಡೆಯ ಸಾಲಿನಲ್ಲಿ, ಅವಳ ತಾಯಿ ಹಾಕಿದ ಟಾಕುಗಳು ಬೆರಳುದ್ದ ಬಿಟ್ಟುಕೊಂಡಿದ್ದವು.

"ಅವ್ರಿಲ್ವಾ?"

"ರಿಟೈರ್ ಆದ್ರಮ್ಮ. ಕೊಡು, ಹತ್ತು ನಿಮಿಷದ ಕೆಲಸ, ನಾನೇ ಹಾಕ್ಕೊಡ್ತೀನಿ."

"ಬೇಡ. ಅವ್ರೇ ಹಾಕ್ಲಿ. ಅವ್ರಿಗೆ ತಲುಪಿಸ್ತೀರಾ?"

"ಅವರು ತುಂಬಾ ನಿಧಾನ ಮಾಡ್ತಾರಮ್ಮ," ಎಂದುಬಿಟ್ಟು ನಾಲಿಗೆ ಕಚ್ಚಿಕೊಂಡೆ.

"ಗೊತ್ತು," ಎಂದಳು ಹುಡುಗಿ. "ಮಾಡ್ಲಿ."

ಅಕ್ಕ, ಈ ಪುಸ್ತಕ ಅಚ್ಚಾದೊಡನೆ ನಿಮ್ಮ ಕೈಗಿಡಲು ಬರುವಾಗ ಆ ಕೌದಿಯನ್ನೂ ತರುತ್ತೇನೆ. ನಿಮ್ಮ ಆಯುಸ್ಸು ಬೆಳೆಯಲಿ, ಕಣ್ಣಿನ ಬೆಳಕು ಕುಂದದಿರಲಿ, ಸೂಜಿಗೆ ದಾರ ಪೋಣಿಸುವ ಬೆರಳು ಇನ್ನೂ ಬಹಳ ವರ್ಷ ನಡುಗದಿರಲಿ ಎಂಬುದು ನಮ್ಮೆಲ್ಲರ ಹಾರೈಕೆ. ಹುಡುಗಿ ತನ್ನ ಹೊಸ ಮನೆಯ ವಿಳಾಸ ಬರೆದು ಕೊಟ್ಟಿದ್ದಾಳೆ. ಹೊಲಿದಾದ ಮೇಲೆ ನೀವೇ ತೆಗೆದುಕೊಂಡು ಹೋಗಿ ಕೊಡಬೇಕಂತೆ.