ಎಮ್ಮೆ ಕಟ್ಟಿದ್ದ ತಿರುವು

ಅದು ಯುದ್ಧದ ಕಾಲ. ಪೆಟ್ರೋಲ್ ಸಿಗದೆ ಬಸ್ಸುಗಳು ಇದ್ದಿಲ ಹೊಗೆಯಲ್ಲಿ ಓಡುತ್ತಿದ್ದವು. ಓಡುತ್ತಿದ್ದವು ಎನ್ನುವುದು ಮರ್ಯಾದೆಗೆ ಹೇಳುವ ಮಾತು. ಜಗಳೂರಿನವಳಾದ ನಾನು ಮದುವೆಯಾಗಿ ಹೊನ್ನಾಳಿಗೆ ಬಂದು ಒಂದು ತಿಂಗಳಾಗಿತ್ತು. ಆ ತಿಂಗಳಲ್ಲಿ ನಾನು ಕಂಡ ಹೊನ್ನಾಳಿ ಎಂದರೆ ಅಡುಗೆಮನೆ, ಹಿತ್ತಿಲು, ಹಿತ್ತಿಲ ಬಾವಿ.

ಒಂದು ಶನಿವಾರ ಬೆಳಿಗ್ಗೆ, ಹಲ್ಲು ಕಟಕಟ ಎನ್ನುವ ಚಳಿಯಲ್ಲಿ, ಅತ್ತೆ ಮಾವ ನ್ಯಾಮತಿಗೆ ನೆಂಟರ ಕೂಸನ್ನು ತೊಟ್ಟಿಲಿಗೆ ಹಾಕುವ ಕಾರ್ಯಕ್ಕೆ ಹೊರಟರು. ಹೊರಡುವಾಗ ಅತ್ತೆ ಹೇಳಿದರು: “ನಾಳೆ ಸಂಜೆ ಬಸ್ಸಿಗೆ ಬರ್ತೀವಿ. ಅಲ್ಲೀತನಕ ಹೊಸ್ತಿಲು ದಾಟಬ್ಯಾಡ. ದಾಟಿದ್ದು ಗೊತ್ತಾತು ಅಂದ್ರೆ ಸಂಕ್ರಾಂತಿಗೆ ಕರಿಯಾಕೆ ಬಂದ ನಿಮ್ಮಣ್ಣ ಒಬ್ಬನೇ ವಾಪಸ್ ಹೋಗ್ತಾನೆ, ನೋಡು.”

ಆ ಒಂದು ತಿಂಗಳು ನನ್ನ ಗಂಟಲಲ್ಲಿ ಅನ್ನ ಇಳಿದದ್ದೇ ಸಂಕ್ರಾಂತಿಗೆ ಅವ್ವನನ್ನು ನೋಡುತ್ತೇನೆ ಎಂಬ ಆಸೆಯಿಂದ. ಆದರೂ ಹೊಸ್ತಿಲು ದಾಟಿದೆ. ಊರ ಪಕ್ಕದಲ್ಲೇ ಹೊಳೆ ಇದೆ ಎಂದು ಕೇಳಿದ್ದೆ. ಜಗಳೂರಿನಲ್ಲಿ ನೀರು ನೋಡಬೇಕಾದರೆ ಬಾವಿಯೊಳಗೆ ಬಗ್ಗಬೇಕು. ಬಗ್ಗದೆ ನೋಡುವ ನೀರು ಹೇಗಿರುತ್ತದೋ ನೋಡಬೇಕಿತ್ತು.

ಗಂಡ ಊಟ ಮುಗಿಸಿ ಕೊಡೆ ಹಿಡಿದು ಕೆಲಸಕ್ಕೆ ಹೋದ ಮೇಲೆ ಹೊರಟೆ. ಎಮ್ಮೆ ಕಟ್ಟಿದ್ದ ಮೂಲೆಯಲ್ಲಿ ತಿರುಗಿ, ಗಾಣದ ಮನೆ ದಾಟಿ, ಇಳಿಜಾರು ಇಳಿದರೆ ಹೊಳೆ. ಅಷ್ಟೊಂದು ನೀರು ಯಾರ ಅಪ್ಪಣೆಯನ್ನೂ ಕೇಳದೆ ಹೋಗುತ್ತಿತ್ತು. ನೋಡಿಕೊಂಡು ಬಂದು ರೊಟ್ಟಿ ತಟ್ಟಿದೆ. ಯಾರಿಗೂ ಗೊತ್ತಾಗಲಿಲ್ಲ.

ಭಾನುವಾರ ಧೈರ್ಯ ಹೆಚ್ಚಿತು. ಪೇಟೆ ಬೀದಿ, ಕಂಬಳಿ ಮಾರುವವರ ಸಾಲು, ಹೊಗೆಸೊಪ್ಪಿನ ಅಂಗಡಿಗಳು, ಎಲ್ಲವನ್ನೂ ಸೆರಗಿನ ಸಂದಿಯಿಂದ ನೋಡುತ್ತ ಸುತ್ತಿದೆ. ಹಿಂತಿರುಗುವಾಗ ತಿರುವಿನಲ್ಲಿ ಎಮ್ಮೆ ಇರಲಿಲ್ಲ. ಮೇಯಲು ಬಿಟ್ಟಿದ್ದರು. ಗುರುತಿಗೆ ಎಮ್ಮೆಯನ್ನು ಇಟ್ಟುಕೊಂಡದ್ದು ನನ್ನ ತಪ್ಪು, ಎಮ್ಮೆಯದಲ್ಲ. ಒಂದೇ ಥರದ ಓಣಿಗಳನ್ನು ಎರಡು ಮೂರು ಸಲ ಹೊಕ್ಕು ಹೊರಬಂದೆ. ಹೊತ್ತು ಇಳಿಯುತ್ತಿತ್ತು.

ಗುಡಿಯ ಎದುರಿನ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತ ಕೂತಿದ್ದ ಮುದುಕಿ ಕೇಳಿದಳು, “ಯಾರ ಮನೆಯಾಕೆ ನೀನು? ಗಂಡನ ಹೆಸರೇನು?”

ಗಂಡನ ಹೆಸರು ಹೇಳಿದರೆ ಅವನ ಆಯುಸ್ಸು ಕಡಿಮೆಯಾಗುತ್ತದೆ ಎಂದು ಅವ್ವ ಕಲಿಸಿದ್ದಳು. ಮಾವನ ಹೆಸರನ್ನೂ ಹೇಳುವಂತಿರಲಿಲ್ಲ. ಅತ್ತೆಯ ಹೆಸರು ನನಗೆ ಗೊತ್ತೇ ಇರಲಿಲ್ಲ. ಗಂಡನಿಗೆ ಇಟ್ಟಿದ್ದದ್ದು ಆ ಗುಡಿಯ ದೇವರ ಹೆಸರನ್ನೇ. ಕೈ ಎತ್ತಿ ಗುಡಿ ತೋರಿಸಿದೆ.

“ಈ ದೇವರಿಗೆ ಇಪ್ಪತ್ತು ಹೆಸರು ಅದಾವೆ. ಊರಾಗೆ ಇಪ್ಪತ್ತನ್ನೂ ಇಟ್ಕಂಡಾರೆ. ನಿನ್ನ ಗಂಡ ಏನು ಕೆಲಸ ಮಾಡ್ತಾನೆ?”

ನಾನು ಕೇಳಿರಲಿಲ್ಲ. ಹೊಸ ಸೊಸೆ ಅದನ್ನೆಲ್ಲ ಕೇಳುವಂತಿರಲಿಲ್ಲ.

“ನೋಡಾಕಾದ್ರೂ ಹೆಂಗೈದಾನೆ?”

ಮುಖ ಎತ್ತಿ ಅವರನ್ನು ನಾನಿನ್ನೂ ಸರಿಯಾಗಿ ನೋಡಿರಲಿಲ್ಲ. ಪಾದ ಮಾತ್ರ ಚೆನ್ನಾಗಿ ಗೊತ್ತಿತ್ತು. ಬಲಗಾಲ ಹೆಬ್ಬೆರಳಿನ ಉಗುರು ಕಪ್ಪು ಎಂದೆ.

“ಊರ ಗಂಡಸರ ಕಾಲೆಲ್ಲ ನೋಡಿ ಹುಡುಕಾಕೆ ಆಗತ್ತೇನವ್ವ?” ಎಂದಳು ಮುದುಕಿ.

ಅಷ್ಟರಲ್ಲಿ ದೂರದಲ್ಲಿ ಬಸ್ಸಿನ ಹಾರ್ನ್ ಕೇಳಿತು. ಗಂಡನ ಆಯುಸ್ಸು ಒಂದು ಕಡೆ, ಜಗಳೂರು ಒಂದು ಕಡೆ. ನಾನು ಜಗಳೂರನ್ನು ಆರಿಸಿಕೊಂಡೆ. ಮೆಲ್ಲಗೆ ಹೆಸರು ಹೇಳಿದೆ. ಮುದುಕಿಗೆ ಕಿವಿ ಮಂದ. ಕಣ್ಣು ಮುಚ್ಚಿ ಮತ್ತೆ ಹೇಳಿದೆ, ಬೀದಿಗೆಲ್ಲ ಕೇಳಿತು.

“ಏನು?” ಎಂದಿತು ಹಿಂದಿನಿಂದ ಒಂದು ಗಂಡಸಿನ ದನಿ.

ತಿರುಗಿ ಕೆಳಗೆ ನೋಡಿದೆ. ಕಪ್ಪು ಉಗುರು.

ಅವರು ಮನೆಗೆ ಬಂದು, ನಾನಿಲ್ಲದ್ದು ಕಂಡು, ಹುಡುಕಲು ಹೊರಟಿದ್ದರು. ಅವರೂ ಹೆಂಡತಿಯ ಹೆಸರು ಹೇಳುವಂತಿರಲಿಲ್ಲ. “ನಮ್ಮನೇದು ಕಾಣವಲ್ದು” ಎಂದು ಕೇಳಿಕೊಂಡು ಬಂದವರನ್ನು ಇಬ್ಬರು ದನದ ದೊಡ್ಡಿಗೆ ಕಳಿಸಿದ್ದರಂತೆ. ಅವರು ಮುಂದೆ, ನಾನು ಹತ್ತು ಹೆಜ್ಜೆ ಹಿಂದೆ, ಮನೆಯ ಕಡೆ ನಡೆದೆವು. ತಿರುವಿನಲ್ಲಿ ಎಮ್ಮೆ ಬಂದು ನಿಂತಿತ್ತು.

“ಅವ್ವಗೆ ನಾ ಹೇಳಲ್ಲ. ನೀನೂ ಹೇಳಬ್ಯಾಡ,” ಎಂದರು ಒಳಗೆ ಬಂದ ಮೇಲೆ. ಆಗ ಮೊದಲ ಸಲ ಮುಖ ಎತ್ತಿ ನೋಡಿದೆ. ಮೂಗು ನಾನು ಅಂದುಕೊಂಡದ್ದಕ್ಕಿಂತ ದೊಡ್ಡದಿತ್ತು.

ಹಾರ್ನ್ ಹೊಡೆದದ್ದು ಹರಿಹರದ ಬಸ್ಸು. ಅತ್ತೆ ಬಂದದ್ದು ಸೋಮವಾರ. ಹೆಸರು ಸುಮ್ಮನೆ ಖರ್ಚಾಗಿತ್ತು.

ಸಂಕ್ರಾಂತಿಗೆ ಅಣ್ಣ ಬಂದ, ಜಗಳೂರಿಗೆ ಹೋದೆ. ಅವ್ವ ಎಳ್ಳುಹೋಳಿಗೆ ಬಡಿಸಿದರೆ ಗಂಟಲಲ್ಲಿ ಇಳಿಯಲಿಲ್ಲ. ಹೆಸರು ಹೇಳಿದ್ದಕ್ಕೆ ಅಲ್ಲಿ ಗಂಡನಿಗೆ ಏನಾದರೂ ಆಗಿದ್ದರೆ ಎಂಬ ಭಯ. ಹತ್ತು ದಿನ ಇರಲು ಹೋದವಳು ನಾಲ್ಕನೆಯ ದಿನವೇ ಅಣ್ಣನನ್ನು ಹೊರಡಿಸಿಕೊಂಡು ಬಂದೆ. ಇಂಥ ಸೊಸೆ ಊರಲ್ಲೇ ಇಲ್ಲ ಎಂದು ಅತ್ತೆ ಹಿಗ್ಗಿದರು. ಗಂಡ ಹಿತ್ತಿಲಲ್ಲಿ ಕಾಲು ತೊಳೆಯುತ್ತಿದ್ದರು. ಒಂದು ಕೆಮ್ಮೂ ಇರಲಿಲ್ಲ.

ಆಮೇಲೆ ಅವರ ಹೆಸರನ್ನು ನಾನು ಬಾಯಿಗೆ ತರಲಿಲ್ಲ. ಮೊಮ್ಮಕ್ಕಳಾದ ಮೇಲೂ “ಏನ್ರೀ” ಎಂದೇ ಕರೆದೆ. ತಲೆ ಪೂರ್ತಿ ಬೆಳ್ಳಗಾಗುವವರೆಗೆ ಅವರು ಗಟ್ಟಿಯಾಗಿದ್ದರು. ಹೋದ ವರ್ಷ ಚಳಿಗಾಲದಲ್ಲಿ, ಒಂದು ಬೆಳಿಗ್ಗೆ, ಕಾಫಿ ಆರುತ್ತಿದ್ದರೂ ಏಳಲಿಲ್ಲ. ಏನ್ರೀ ಎಂದೆ. ಪಾದ ಮುಟ್ಟಿದೆ, ತಣ್ಣಗಿತ್ತು. ಆಗ ಕಿವಿಯ ಹತ್ತಿರ ಬಗ್ಗಿ, ಬೀದಿಗೆ ಕೇಳುವಷ್ಟು ಜೋರಾಗಿ ಹೆಸರು ಹಿಡಿದು ಕೂಗಿದೆ.

ಏನು ಎನ್ನಲಿಲ್ಲ.